ಬೇಲಿ ಕಾಣದ ಬಸವನಹುಳು: ತೋಟದವರ ಕೆಲಸವೆಷ್ಟು, ಪಂಚಾಯಿತಿಯ ಕೆಲಸವೆಷ್ಟು?



ಸಂಘದ ಗೊಬ್ಬರದ ಗೋದಾಮಿಗೆ ಬಂದವರು ಮೊದಲೆಲ್ಲ ಅಡಿಕೆ ಧಾರಣೆ, ಕಾಫಿ ಧಾರಣೆ ಮಾತಾಡಿ ಎದ್ದು ಹೋಗುತ್ತಿದ್ದರು. ಈಗ ಕೆಲವು ಮಳೆಗಾಲಗಳಿಂದ ಇನ್ನೊಂದು ಮಾತು ಸೇರಿಕೊಂಡಿದೆ. "ನಿಮ್ಮ ಕಡೆ ಹುಳ ಬಂತಾ?" ಹುಳ ಎಂದರೆ ಕಾಂಡಕೊರಕವಲ್ಲ, ಬೇರುಹುಳವೂ ಅಲ್ಲ. ಬೆನ್ನ ಮೇಲೆ ಶಂಖ ಹೊತ್ತ ಆಫ್ರಿಕಾದ ದೊಡ್ಡ ಬಸವನಹುಳು. ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ಶನಿವಾರಸಂತೆ ಸುತ್ತಿನ ಕಾಫಿ ತೋಟಗಳಲ್ಲಿ ಇದರ ಹಾವಳಿಯ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ನಾವು ದೂರದ ಊರಿನ ಕಥೆ ಎಂದು ಓದಿ ಮಡಿಸಿಟ್ಟೆವು. ಈಗ ಅದು ನಮ್ಮ ಬಾವಿಕಟ್ಟೆಯ ಮೇಲೆಯೇ ಕುಳಿತಿದೆ.

ಹಲವರ ಪ್ರಶ್ನೆ ಒಂದೇ: "ದಿನಾ ಹೆಕ್ತೀನಿ, ಮಾರನೇ ದಿನ ಮತ್ತೆ ಅಷ್ಟೇ ಇರುತ್ತೆ. ಎಲ್ಲಿಂದ ಬರುತ್ತೆ?" ಬೇಲಿಯಾಚೆಯಿಂದ ಬರುತ್ತದೆ ಎಂಬುದೇ ಅದರ ಉತ್ತರ. ಪಕ್ಕದ ಪಾಳುತೋಟ, ರಸ್ತೆಯ ಚರಂಡಿ, ಬಸ್ ನಿಲ್ದಾಣದ ಹಿಂದಿನ ಕಸದ ಗುಡ್ಡೆ, ಬಾಗಿಲು ಹಾಕಿದ ಶಾಲೆಯ ಆವರಣ, ಇವೇ ಅದರ ತವರು. ಆದ್ದರಿಂದ ಈ ಪಾಠದಲ್ಲಿ ಔಷಧಿಯ ಮಾತು ಅರ್ಧ, ಅರ್ಜಿಯ ಮಾತು ಅರ್ಧ. ಅರ್ಜಿಯ ಮಾತನ್ನು ನಾವು ಎಡವಿ ಕಲಿತದ್ದು. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ಹುಳುವಿನ ಸ್ವಭಾವ

ಇದು ಪೂರ್ವ ಆಫ್ರಿಕಾದ ಜೀವಿ. ಇಂಡಿಯಾಕ್ಕೆ ಬಂದದ್ದು 1847ರಲ್ಲಿ. ಬೆನ್ಸನ್ ಎಂಬ ಶಂಖ ಸಂಗ್ರಹದ ಹವ್ಯಾಸಿ ಮಾರಿಷಸ್‌ನಿಂದ ಕೆಲವನ್ನು ತಂದು ಕಲ್ಕತ್ತೆಯ ಒಂದು ತೋಟದಲ್ಲಿ ಬಿಟ್ಟನೆಂದು ದಾಖಲೆಯಿದೆ. ಅಲ್ಲಿಂದ ಹಬ್ಬಿದ್ದು ಇಂದು ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸೇರಿದೆ. ನಮ್ಮ ನಾಡಿನ ಸಣ್ಣ ಬಸವನಹುಳುಗಳಿಗೂ ಇದಕ್ಕೂ ಗೊಂದಲ ಬೇಡ. ಬೆಳೆದ ಹುಳುವಿನ ಶಂಖ ಮೂರು ನಾಲ್ಕು ಅಂಗುಲ, ಕೆಲವೊಮ್ಮೆ ಇನ್ನೂ ಹೆಚ್ಚು, ತುದಿ ಚೂಪು, ಕಂದು ಬಣ್ಣದ ಮೇಲೆ ಉದ್ದುದ್ದ ಪಟ್ಟೆ. ಸಿಕ್ಕಿದ ಬಸವನಹುಳುವನ್ನೆಲ್ಲ ಕೊಲ್ಲುವುದು ಬೇಡ. ನಾಡಿನ ಹುಳುಗಳಲ್ಲಿ ಹೆಚ್ಚಿನವು ಕೊಳೆತ ಎಲೆ ತಿಂದು ತಮ್ಮಷ್ಟಕ್ಕೆ ಇರುವಂಥವು.

ಪ್ರತಿಯೊಂದು ಹುಳುವಿನಲ್ಲೂ ಗಂಡು ಹೆಣ್ಣು ಎರಡೂ ಅಂಶಗಳಿವೆ. ಆದ್ದರಿಂದ ಬೆಳೆದ ಪ್ರತಿ ಹುಳುವೂ ಮೊಟ್ಟೆ ಇಡುತ್ತದೆ. ಒಂದು ಸಲಕ್ಕೆ 100ರಿಂದ 400ರವರೆಗೆ, ವರ್ಷದಲ್ಲಿ ಹಲವು ಸಲ. ಮೊಟ್ಟೆ ಸಾಸಿವೆಗಿಂತ ದೊಡ್ಡದು, ಕಡಲೆಗಿಂತ ಸಣ್ಣದು, ತಿಳಿ ಹಳದಿ ಬಣ್ಣ. ಸಡಿಲ ಮಣ್ಣಿನಲ್ಲಿ, ದರಗಿನಡಿ, ಗೊಬ್ಬರಗುಂಡಿಯ ಅಂಚಿನಲ್ಲಿ ಗುಂಪಾಗಿ ಸಿಗುತ್ತದೆ. ಒಂದೆರಡು ವಾರದಲ್ಲಿ ಮರಿ; ಸುಮಾರು ಆರು ತಿಂಗಳಲ್ಲಿ ಆ ಮರಿಯೇ ಮೊಟ್ಟೆ ಇಡುವಷ್ಟು ಬೆಳೆಯುತ್ತದೆ. ಐದಾರು ವರ್ಷ ಬದುಕುತ್ತದೆ. ಈ ಲೆಕ್ಕ ಹಾಕಿದರೆ, ಭರಣಿ ಮಳೆಗೆ ಎದ್ದ ಒಂದು ಹುಳುವನ್ನು ಮೊಟ್ಟೆ ಇಡುವ ಮೊದಲೇ ಹೆಕ್ಕುವುದಕ್ಕೂ ಆರಿದ್ರಾ ಮಳೆಯಲ್ಲಿ ಹೆಕ್ಕುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದು ಯಾರಿಗಾದರೂ ಹೊಳೆಯುತ್ತದೆ.

ಹಗಲು ಅಡಗಿ, ಕತ್ತಲಾದ ಮೇಲೆ ಹೊರಬಂದು ಮೇಯುವುದು ಇದರ ರೂಢಿ. ಬೇಸಗೆಯಲ್ಲಿ ಶಂಖದ ಬಾಯಿಗೆ ತೆಳುವಾದ ಪೊರೆ ಮುಚ್ಚಿಕೊಂಡು ಕಲ್ಲುಸಂದಿ, ಮರದ ಬುಡ, ಚರಂಡಿಯ ಗೋಡೆಗಳಲ್ಲಿ ತಿಂಗಳುಗಟ್ಟಲೆ ಮಲಗುತ್ತದೆ. ತೇವ ತಗುಲಿದರೆ ಏಳುತ್ತದೆ. ಕಾಫಿಗೆ ಸ್ಪ್ರಿಂಕ್ಲರಿನಲ್ಲಿ ಹೂಮಳೆ ಕೊಟ್ಟ ತೋಟಗಳಲ್ಲಿ ಹುಳು ಎಲ್ಲರಿಗಿಂತ ಮುಂಚೆ ಎದ್ದುಬಿಡುವುದು ಅದಕ್ಕೇ. ಅದನ್ನು ತೊಂದರೆ ಎನ್ನದೆ ಅವಕಾಶ ಎಂದು ತಿಳಿಯಬೇಕು. ಸುತ್ತೆಲ್ಲ ಒಣಗಿರುವಾಗ ಎದ್ದ ಹುಳು ದೂರ ಹೋಗಲಾರದು. ಕೈಗೆ ಸುಲಭವಾಗಿ ಸಿಗುತ್ತದೆ.

ತಿನ್ನುವುದರಲ್ಲಿ ಇದಕ್ಕೆ ಮಡಿಯಿಲ್ಲ. ಕಾಫಿ ನರ್ಸರಿಯ ಎಳೆ ಸಸಿ, ಹೊಸದಾಗಿ ನೆಟ್ಟ ಗಿಡದ ಚಿಗುರು, ಅಡಿಕೆ ಸಸಿಯ ಎಳೆ ಸೋಗೆ, ತೋಟದೊಳಗಿನ ಬಾಳೆ, ಪಪಾಯ, ಕಾಳುಮೆಣಸಿನ ಎಳೆ ಬಳ್ಳಿ, ಹಿತ್ತಲಿನ ತರಕಾರಿ ಎಲ್ಲವೂ ನಡೆಯುತ್ತದೆ. ಬೆಳೆದ ಮರಕ್ಕಿಂತ ಎಳೆಯ ತೋಟಕ್ಕೇ ಪೆಟ್ಟು ಜಾಸ್ತಿ. ಕಾಲೆಕರೆಯಲ್ಲಿ ಹೊಸ ಅಡಿಕೆ ಸಸಿ ಕೂರಿಸಿದ ಸಣ್ಣ ಹಿಡುವಳಿದಾರನಿಗೆ ಒಂದು ಮಳೆಗಾಲದಲ್ಲಿ ಸುಳಿ ಹೋದರೆ ವರ್ಷವೊಂದು ಹೋದಂತೆಯೇ. ಶಂಖ ಬೆಳೆಯಲು ಸುಣ್ಣ ಬೇಕಾದ್ದರಿಂದ ಮನೆಯ ಗೋಡೆಯ ಸುಣ್ಣವನ್ನೂ ಕೆರೆದು ತಿನ್ನುತ್ತದೆ. ಗೋಡೆಯ ಮೇಲೆ ಹುಳು ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಮಕ್ಕಳ ವಿಷಯದಲ್ಲಿ ಒಂದು ಎಚ್ಚರಿಕೆ. ಇಲಿಯ ಶ್ವಾಸಕೋಶದಲ್ಲಿ ಬದುಕುವ ಒಂದು ಜಂತುವಿನ ಮರಿಗಳು ಇಲಿಯ ಹಿಕ್ಕೆಯ ಮೂಲಕ ಈ ಹುಳುವನ್ನು ಸೇರುತ್ತವೆ. ಅವು ಮನುಷ್ಯನ ಹೊಟ್ಟೆಗೆ ಹೋದರೆ ಮೆದುಳಿನ ಪೊರೆಯ ಉರಿಯೂತ ಬರಬಹುದು. ಬರಿಗೈಯಲ್ಲಿ ಮುಟ್ಟಬಾರದು, ಕೈಚೀಲ ಇಲ್ಲದಿದ್ದರೆ ಪ್ಲಾಸ್ಟಿಕ್ ಕವರನ್ನಾದರೂ ಕೈಗೆ ಸುತ್ತಿಕೊಂಡು ಹೆಕ್ಕಬೇಕು. ಆಮೇಲೆ ಸಾಬೂನು ಹಾಕಿ ಕೈ ತೊಳೆಯಬೇಕು. ಹುಳು ಓಡಾಡಿದ ಹಿತ್ತಲಿನ ಸೊಪ್ಪನ್ನು ಹಸಿಯಾಗಿ ತಿನ್ನಬಾರದು.

ತೋಟದೊಳಗಿನ ಕೆಲಸ

ಕೈಯಲ್ಲಿ ಹೆಕ್ಕುವುದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಯಾರೂ ಕಂಡುಹಿಡಿದಿಲ್ಲ. ಆದರೆ ಸುಮ್ಮನೆ ಟಾರ್ಚು ಹಿಡಿದು ತೋಟವೆಲ್ಲ ಸುತ್ತುವ ಬದಲು, ಹುಳುವನ್ನೇ ಒಂದು ಕಡೆ ಸೇರುವಂತೆ ಮಾಡಬೇಕು. ಸಂಜೆ ಅಲ್ಲಲ್ಲಿ ಪಪಾಯದ ಎಲೆ, ಕೋಸಿನ ಎಲೆ, ಕಡಿದ ಬಾಳೆದಿಂಡು ಗುಡ್ಡೆ ಹಾಕಿ ಮೇಲೆ ನೆನೆಸಿದ ಗೋಣಿ ಮುಚ್ಚಿ. ರಾತ್ರಿ ಎಂಟು ಒಂಬತ್ತರ ಹೊತ್ತಿಗೊಮ್ಮೆ, ಬೆಳಗಿನ ಜಾವಕ್ಕೊಮ್ಮೆ ಗೋಣಿ ಎತ್ತಿ ನೋಡಿ. ತೋಟಕ್ಕೆ ನೀರು ಬಿಡುವವರು ಸಂಜೆಯ ಬದಲು ಬೆಳಿಗ್ಗೆ ಬಿಟ್ಟರೆ ರಾತ್ರಿಯ ಹೊತ್ತಿಗೆ ನೆಲ ಒಣಗಿ ಹುಳುವಿನ ಓಡಾಟ ಕಡಿಮೆಯಾಗುತ್ತದೆ.

ಹೆಕ್ಕಿದ್ದನ್ನು ಬೇಲಿಯಾಚೆ ಎಸೆಯುವವರಿದ್ದಾರೆ. ಅವರ ಹೆಸರು ಬರೆಯುವುದಿಲ್ಲ, ಅವರಿಗೇ ಗೊತ್ತು. ಹತ್ತು ಲೀಟರ್ ನೀರಿಗೆ ಒಂದೆರಡು ಕಿಲೋ ಕಲ್ಲುಪ್ಪು ಕರಗಿಸಿದ ಬಕೆಟ್ಟಿಗೆ ಹಾಕಿದರೆ ಹುಳು ಸಾಯುತ್ತದೆ. ಉಪ್ಪನ್ನು ನೇರವಾಗಿ ತೋಟದ ನೆಲಕ್ಕೆ ಚೆಲ್ಲಬೇಡಿ, ಮಣ್ಣು ಕೆಡುತ್ತದೆ. ಸತ್ತವನ್ನು ಎರಡು ಮೂರು ಅಡಿ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಖಾಲಿ ಶಂಖಗಳನ್ನು ಅಂಗಳದಲ್ಲಿ ಬಿಟ್ಟರೆ ಮಳೆನೀರು ತುಂಬಿ ಸೊಳ್ಳೆ ಮರಿಯಾಗುತ್ತದೆ. ಅದಕ್ಕಾಗಿ ಶಂಖವನ್ನು ಒಡೆದೇ ಹೂಳುವುದು ಒಳ್ಳೆಯದು.

ಅಡಿಕೆ ಬೆಳೆಗಾರರ ಮನೆಯಲ್ಲಿ ಕೊಳೆರೋಗಕ್ಕೆಂದು ಮೈಲುತುತ್ತು ಇದ್ದೇ ಇರುತ್ತದೆ. ತಾಮ್ರದ ಅಂಶ ಹುಳುವಿಗೆ ಆಗದು. ಮರದ ಬುಡದಿಂದ ಅಡಿ ಎತ್ತರಕ್ಕೆ ಬೋರ್ಡೋ ಮುಲಾಮಿನ ಪಟ್ಟಿ ಬಳಿದರೆ ಹುಳು ಅದನ್ನು ದಾಟಿ ಮೇಲೇರಲು ಹಿಂಜರಿಯುತ್ತದೆ. ಕೇರಳದಲ್ಲಿ 25 ಗ್ರಾಂ ಹೊಗೆಸೊಪ್ಪನ್ನು ಒಂದೂವರೆ ಲೀಟರ್ ನೀರಿನಲ್ಲಿ ಕುದಿಸಿ ಸೋಸಿದ ಕಷಾಯಕ್ಕೆ, 60 ಗ್ರಾಂ ಮೈಲುತುತ್ತು ಕರಗಿಸಿದ ಒಂದು ಲೀಟರ್ ನೀರು ಸೇರಿಸಿ ಸಿಂಪಡಿಸುವ ಕ್ರಮವಿದೆ. ಇದು ಸುಣ್ಣ ಸೇರಿಸದ ಮೈಲುತುತ್ತಾದ್ದರಿಂದ ಎಳೆ ಎಲೆ ಸುಡುತ್ತದೆ. ಗೋಡೆ, ಕಸದ ಗುಡ್ಡೆ, ಗೋಣಿಯಡಿ ಸೇರಿದ ಹುಳುಗಳಿಗೆ ಮಾತ್ರ ಇದನ್ನು ಬಳಸಿ. ಹಳ್ಳದ ಹತ್ತಿರ ಬೇಡ, ಮೀನು ಸಾಯುತ್ತದೆ. ಸುಣ್ಣದ ಪುಡಿ, ಬ್ಲೀಚಿಂಗ್ ಪುಡಿಯ ಗೆರೆ ಎಳೆಯುವುದು ಒಣ ದಿನಗಳ ಉಪಾಯ. ನಮ್ಮ ಮಳೆಯಲ್ಲಿ ಸಂಜೆ ಹಾಕಿದ್ದು ಬೆಳಿಗ್ಗೆಗೆ ಇರುವುದಿಲ್ಲ.

ವಿಷದ ತಿಂಡಿಯ ವಿಚಾರ. ಶೇ. 2.5ರ ಮೆಟಾಲ್ಡಿಹೈಡ್ ಮಾರುಕಟ್ಟೆಯಲ್ಲಿ ಸಿಗುತ್ತದೆ. ಅದನ್ನು ತಿಂದ ಹುಳು ಲೋಳೆ ಸುರಿಸಿ, ಮೈಯ ನೀರು ಕಳೆದುಕೊಂಡು ಸಾಯುತ್ತದೆ. ಆದ್ದರಿಂದ ಮಳೆಯಿಲ್ಲದ ಸಂಜೆಯೇ ಹಾಕಬೇಕು. ರಾತ್ರಿ ಮಳೆ ಬಿದ್ದರೆ ಹುಳು ಚೇತರಿಸಿಕೊಂಡು ಎದ್ದು ಹೋಗುತ್ತದೆ, ದುಡ್ಡು ಮಣ್ಣುಪಾಲು. ನಾಯಿಗೂ ದನಕರುವಿಗೂ ಅದು ಅಪಾಯಕಾರಿ. ಎರಚಬೇಡಿ, ಹಂಚಿನ ತುಂಡಿನಡಿ, ತೆಂಗಿನ ಗರಟೆಯಡಿ ಚಿಟಿಕೆ ಚಿಟಿಕೆ ಇಟ್ಟು ಬೆಳಿಗ್ಗೆ ಉಳಿದದ್ದನ್ನು ತೆಗೆದಿಡಿ. ಹಳೆಯ ಕರಪತ್ರಗಳಲ್ಲಿ ತೌಡು, ಬೆಲ್ಲ, ಮೆಥೊಮಿಲ್ ಬೆರೆಸಿದ ಉಂಡೆಯ ಸಲಹೆ ಈಗಲೂ ಕೈಯಿಂದ ಕೈಗೆ ಓಡಾಡುತ್ತಿದೆ. ಮೆಥೊಮಿಲ್ಲನ್ನು ಕೇಂದ್ರ ಸರ್ಕಾರ 2023ರ ಆದೇಶದಲ್ಲಿ ನಿಷೇಧಿಸಿದೆ. ಅಟ್ಟದ ಮೇಲೆ ಹಳೆಯ ಪೊಟ್ಟಣ ಉಳಿದಿದ್ದರೂ ಬಳಸಬೇಡಿ.

"ಹುಳುವನ್ನು ತಿನ್ನುವ ಇನ್ನೊಂದು ಹುಳು ತಂದು ಬಿಟ್ಟರಾಗದೇ?" ಎಂದು ಸದಸ್ಯರೊಬ್ಬರು ಕೇಳಿದರು. ಹವಾಯಿ ದ್ವೀಪಗಳಲ್ಲಿ 1955ರಲ್ಲಿ ಹಾಗೆಯೇ ಮಾಡಿದರು. ತಹೀತಿ ಸುತ್ತಿನ ದ್ವೀಪಗಳಲ್ಲಿ 1970ರ ದಶಕದಲ್ಲಿ ಮಾಡಿದರು. ತಂದು ಬಿಟ್ಟ ಬೇಟೆಗಾರ ಬಸವನಹುಳು ಆಫ್ರಿಕಾದ ಹುಳುವನ್ನು ಬಿಟ್ಟು ಅಲ್ಲಿಯದೇ ಆದ ಪುಟ್ಟ ಹುಳುಗಳ ಸಂತತಿಯನ್ನೇ ತಿಂದು ಮುಗಿಸಿತು. ನಮ್ಮಲ್ಲಿ ಕೆಂಬೂತ ಇದೆ, ಮಿಂಚುಹುಳುವಿನ ಮರಿ ಇದೆ. ಅವು ತಮ್ಮ ಪಾಲಿನ ಕೆಲಸ ಮಾಡುತ್ತವೆ. ಕೆಂಬೂತಕ್ಕೆ ಪೊದೆ ಬೇಕು ಎಂದು ಇಡೀ ಬೇಲಿಯನ್ನು ಕಾಡು ಬಿಡುವುದೂ ಸರಿಯಲ್ಲ ಎನ್ನಿ.

ನಮ್ಮ ಮೊದಲ ಅರ್ಜಿ

ಇಷ್ಟೆಲ್ಲ ಮಾಡಿದರೂ ನಮ್ಮ ಓಣಿಯ ಏಳು ಮನೆಯವರಿಗೆ ಹುಳು ತಪ್ಪಲಿಲ್ಲ. ಮೇಲಿನ ರಸ್ತೆಯ ಚರಂಡಿ ನಮ್ಮ ತೋಟಗಳ ತಲೆಯ ಮೇಲೇ ಹರಿಯುತ್ತದೆ. ಹೂಳು ತುಂಬಿ, ಕೆಸ ಬೆಳೆದು, ಅಂಗಡಿಗಳ ಕೊಳೆತ ತರಕಾರಿ ಸೇರಿ ಅದು ಹುಳುವಿಗೆ ಮದುವೆಮನೆಯಾಗಿತ್ತು. ನಾವು ಒಂದು ಅರ್ಜಿ ಬರೆದೆವು. "ನಮ್ಮ ಗ್ರಾಮದಲ್ಲಿ ಬಸವನಹುಳುಗಳ ಹಾವಳಿ ವಿಪರೀತವಾಗಿದ್ದು, ತಾವು ದಯಮಾಡಿ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಪ್ರಾರ್ಥನೆ." ಕೆಳಗೆ ನಲವತ್ತಕ್ಕೂ ಹೆಚ್ಚು ರುಜು. ಬಹಳ ಚೆನ್ನಾಗಿ ಬರೆದಿದ್ದೇವೆ ಎಂದೇ ನಮ್ಮ ಭಾವನೆ.

ಪಂಚಾಯಿತಿಯವರು ಅದನ್ನು ಹುಳುವಿನ ವಿಷಯವೆಂದು ಒಂದು ಇಲಾಖೆಗೆ ಕಳಿಸಿದರು. ಅವರು ಇದು ತೋಟದ ಬೆಳೆ ಎಂದು ಇನ್ನೊಂದಕ್ಕೆ ಕಳಿಸಿದರು. ಅವರು ಕಾಫಿಯ ಮಾತೂ ಇದೆಯಲ್ಲ ಎಂದು ಮತ್ತೊಂದಕ್ಕೆ ಕಳಿಸಿದರು. ಅಲ್ಲಿಂದ ಒಬ್ಬರು ಬಂದು, ತೋಟ ನೋಡಿ, ಹುಳುವಿನ ಬಗ್ಗೆ ಒಳ್ಳೆಯ ಮಾತುಗಳನ್ನೇ ಹೇಳಿ, "ಚರಂಡಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಪಂಚಾಯಿತಿಯನ್ನು ಕೇಳಿ" ಎಂದು ಹೋದರು. ಕಾಗದ ಹೊರಟ ಮೇಜಿಗೇ ಮರಳಿತು. ಅಷ್ಟರಲ್ಲಿ ನಾಲ್ಕು ತಿಂಗಳು ಕಳೆದು, ಮಳೆ ನಿಂತು, ಹುಳು ಪೊರೆ ಹಾಕಿಕೊಂಡು ಮಲಗಿತ್ತು. ನನ್ನ ಹೊಸ ಅಡಿಕೆ ಸಸಿಗಳಲ್ಲಿ ಮೂರನೇ ಒಂದು ಭಾಗ ಹೋಗಿತ್ತು.

ಸಿಟ್ಟು ಬಂತು, ನಿಜ. ಆದರೆ ಕುಳಿತು ಯೋಚಿಸಿದಾಗ ಯಾವ ಕಚೇರಿಯವರೂ ಸುಳ್ಳು ಹೇಳಿರಲಿಲ್ಲ. 'ಸೂಕ್ತ ಕ್ರಮ' ಎಂದರೆ ಏನು ಎಂದು ನಾವೇ ಬರೆದಿರಲಿಲ್ಲ. ಹುಳುವನ್ನು ಕೊಲ್ಲಿ ಎಂದು ಕೇಳಿದರೆ ಅದು ಯಾರ ಕೆಲಸವೂ ಅಲ್ಲ. ಚರಂಡಿ ತೆಗೆಸಿ ಎಂದು ಕೇಳಿದರೆ ಅದು ಒಬ್ಬರ ಕೆಲಸ.

ಎಣಿಸಿ, ಅಳೆದು, ಬರೆಯುವುದು

ಎರಡನೇ ವರ್ಷ ಅರ್ಜಿಗಿಂತ ಮೊದಲು ಎಣಿಕೆ ಮಾಡಿದೆವು. ನಾಲ್ಕು ಬಿದಿರ ಸೀಳು ಕಟ್ಟಿ ಒಂದು ಮೀಟರಿನ ಚೌಕಟ್ಟು. ಹೂಮಳೆ ಬಿದ್ದ ಮೂರು ರಾತ್ರಿ, ಎಂಟೂವರೆಗೆ, ಅದೇ ಅದೇ ಜಾಗಗಳಲ್ಲಿ ಇಟ್ಟು ಒಳಗಿನ ಹುಳು ಲೆಕ್ಕ ಹಾಕಿದೆವು. ಹೈಸ್ಕೂಲಿಗೆ ಹೋಗುವ ಹುಡುಗಿಯೊಬ್ಬಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ತೋಟದ ನಡುವೆ ಚೌಕಕ್ಕೆ ಎರಡು ಮೂರು, ಕೆಲವೆಡೆ ಒಂದೂ ಇಲ್ಲ. ಚರಂಡಿಯ ಅಂಚಿನಲ್ಲಿ ಮೂವತ್ತಕ್ಕೂ ಮೇಲೆ. ಕಸದ ಗುಡ್ಡೆಯಲ್ಲಿ ಎಣಿಸಲಾಗದೆ ಬಿಟ್ಟೆವು. ಆ ಒಂದು ಹಾಳೆ ನಲವತ್ತು ರುಜುವಿಗಿಂತ ಹೆಚ್ಚು ಮಾತಾಡಿತು. ಹುಳು ನಮ್ಮ ತೋಟದ್ದಲ್ಲ, ಸಾರ್ವಜನಿಕ ಜಾಗದ್ದು ಎಂದು ತೋರಿಸಲು ಬೇರೆ ವಾದವೇ ಬೇಕಾಗಲಿಲ್ಲ.

ಆಮೇಲೆ ಜಾಗಗಳ ಯಜಮಾನರನ್ನು ಹುಡುಕಿದೆವು. ಇದನ್ನು ಮೊದಲೇ ಮಾಡಬೇಕು. ಎಲ್ಲ ಚರಂಡಿಯೂ ಪಂಚಾಯಿತಿಯದಲ್ಲ; ರಾಜ್ಯ ಹೆದ್ದಾರಿಯ ಪಕ್ಕದ್ದು ಲೋಕೋಪಯೋಗಿ ಇಲಾಖೆಗೆ ಸೇರಿರುತ್ತದೆ. ಹಳ್ಳಿಯೊಳಗಿನ ರಸ್ತೆ, ಚರಂಡಿ, ಕಸ ವಿಲೇವಾರಿ ಗ್ರಾಮ ಪಂಚಾಯಿತಿಯ ಹೊಣೆ. 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲೇ ನೈರ್ಮಲ್ಯವನ್ನು ಪಂಚಾಯಿತಿಯ ಕರ್ತವ್ಯವಾಗಿ ಹೇಳಿದೆ. ಅಡಿಕೆ, ಮೆಣಸು, ಬಾಳೆಯ ಸಲಹೆಗೆ ತಾಲ್ಲೂಕಿನ ತೋಟಗಾರಿಕೆ ಇಲಾಖೆ. ಕಾಫಿಗೆ ಕಾಫಿ ಮಂಡಳಿಯ ಸಂಪರ್ಕಾಧಿಕಾರಿ. ಎರಡಕ್ಕೂ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ. ಮಕ್ಕಳ ಆರೋಗ್ಯ, ಶಂಖದಲ್ಲಿ ನಿಂತ ನೀರಿನ ಸೊಳ್ಳೆ, ಇವು ಪ್ರಾಥಮಿಕ ಆರೋಗ್ಯ ಕೇಂದ್ರದ ವಿಷಯ. ಒಬ್ಬೊಬ್ಬರಿಗೂ ಬೇರೆ ಬೇರೆ ಕಾಗದ, ಒಂದೊಂದರಲ್ಲೂ ಅವರ ಕೈಲಾಗುವ ಕೆಲಸ ಮಾತ್ರ. ಎಲ್ಲವನ್ನೂ ಒಂದೇ ಕಾಗದದಲ್ಲಿ ತುಂಬಿ ಎಲ್ಲರಿಗೂ ಪ್ರತಿ ಕಳಿಸಿದರೆ, ಪ್ರತಿಯೊಬ್ಬರೂ ಉಳಿದವರು ಮಾಡುತ್ತಾರೆ ಎಂದು ಸುಮ್ಮನಿರುತ್ತಾರೆ.

ಪಂಚಾಯಿತಿಗೆ ನಾವು ಕೊಟ್ಟ ಮನವಿಯ ಒಕ್ಕಣೆಯನ್ನು ಹಲವರು ಕೇಳಿದ್ದರಿಂದ ಇಲ್ಲಿ ಕೊಡುತ್ತಿದ್ದೇನೆ. ಅಳತೆ, ಜಾಗ ನಿಮ್ಮದನ್ನು ಹಾಕಿಕೊಳ್ಳಿ.

"ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಗೆ. ವಿಷಯ: ಬಸ್ ನಿಲ್ದಾಣದಿಂದ ಹಳ್ಳದವರೆಗಿನ ಚರಂಡಿಯ ಹೂಳು ತೆಗೆಸುವ ಬಗ್ಗೆ. ಮಾನ್ಯರೇ, ಸದರಿ ಚರಂಡಿಯಲ್ಲಿ ಸುಮಾರು 180 ಮೀಟರ್ ಉದ್ದಕ್ಕೆ ಹೂಳು, ಕಳೆ, ಕೊಳೆತ ತರಕಾರಿ ತುಂಬಿ ಆಫ್ರಿಕಾದ ಬಸವನಹುಳು ಸಂತಾನಾಭಿವೃದ್ಧಿ ಮಾಡುತ್ತಿದೆ. ಮೂರು ರಾತ್ರಿಯ ಎಣಿಕೆಯ ಪಟ್ಟಿ, ಕೈನಕ್ಷೆ, ನಾಲ್ಕು ಫೋಟೋ ಲಗತ್ತಿಸಿದೆ. 1) ಮೇ ತಿಂಗಳ 10ರೊಳಗೆ ಈ ಚರಂಡಿಯ ಹೂಳು ತೆಗೆಸಿ, ತೆಗೆದ ಹೂಳನ್ನು ದಂಡೆಯಲ್ಲಿ ಬಿಡದೆ ಸಾಗಿಸಬೇಕು. 2) ನಿಲ್ದಾಣದ ಹಿಂದಿನ ಕಸದ ಗುಡ್ಡೆಯನ್ನು ತೆರವು ಮಾಡಿಸಬೇಕು. 3) ತರಕಾರಿ ಅಂಗಡಿಯವರು ಚರಂಡಿಗೆ ಕಸ ಹಾಕದಂತೆ ತಿಳುವಳಿಕೆ ಪತ್ರ ನೀಡಬೇಕು. ಹೂಳು ತೆಗೆಯುವ ದಿನ ಹುಳುಗಳನ್ನು ಹೆಕ್ಕಿ ನಾಶ ಮಾಡಲು ನಾವು ಹದಿನಾಲ್ಕು ಜನ ಹಾಜರಿರುತ್ತೇವೆ. ಉಪ್ಪು, ಸುಣ್ಣ ನಮ್ಮದೇ."

ಕೊನೆಯ ವಾಕ್ಯವನ್ನು ಬರೆದವರು ನಮ್ಮ ಓಣಿಯ ಹಿರಿಯರು. ಅದರ ಬೆಲೆ ನನಗೆ ಆಗ ತಿಳಿಯಲಿಲ್ಲ. ಅಭಿವೃದ್ಧಿ ಅಧಿಕಾರಿಯಾದ ಹೆಣ್ಣುಮಗಳು ಕಾಗದ ಓದಿ, "ಇದನ್ನ ಕೊಟ್ಟರೆ ನಾನು ಏನಾದರೂ ಮಾಡಬಹುದು ಸಾರ್. ಹೋದ ಸಲದ್ದರಲ್ಲಿ ಏನು ಮಾಡಬೇಕು ಅಂತಲೇ ಇರಲಿಲ್ಲ" ಎಂದರು. "ಹೌದು ಮೇಡಂ, ತಪ್ಪು ನಮ್ಮದೇ" ಎಂದು ಹಿರಿಯರು ಒಪ್ಪಿಕೊಂಡುಬಿಟ್ಟರು. ನನಗಾದರೆ ಅಷ್ಟು ಬೇಗ ಒಪ್ಪಲು ಆಗುತ್ತಿರಲಿಲ್ಲ.

ಮನವಿಯ ಎರಡನೇ ಪ್ರತಿಗೆ ಸ್ವೀಕೃತಿಯ ಮೊಹರು, ದಿನಾಂಕ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಬಾಯಲ್ಲಿ ಹೇಳಿದ್ದು, ಫೋನಿನಲ್ಲಿ ಹೇಳಿದ್ದು ದಾಖಲೆಯಲ್ಲ. ಪಂಚಾಯಿತಿಯಲ್ಲಿ ಚುನಾಯಿತ ಸದಸ್ಯರಿಲ್ಲದೆ ಆಡಳಿತಾಧಿಕಾರಿ ಇರುವ ಅವಧಿಯಲ್ಲೂ ಮನವಿ ಕೊಡುವ ಮೇಜು ಇದೇ.

ಸಮಯವೂ ಮುಖ್ಯ. ಪಂಚಾಯಿತಿ ವರ್ಷದ ಕ್ರಿಯಾ ಯೋಜನೆ ಮಾಡಿ ಮುಗಿಸಿದ ಮೇಲೆ ಹೋದರೆ "ಅನುದಾನ ಇಲ್ಲ" ಎಂಬ ಉತ್ತರ ಸಹಜ. ಶಾಶ್ವತ ಕೆಲಸಗಳನ್ನು, ಅಂದರೆ ಕಲ್ಲು ಕಟ್ಟಿದ ಚರಂಡಿ, ಕಸದ ತೊಟ್ಟಿ ಇತ್ಯಾದಿಗಳನ್ನು ವಾರ್ಡ್ ಸಭೆಯಲ್ಲಿ, ಆಮೇಲೆ ಗ್ರಾಮ ಸಭೆಯಲ್ಲಿ ಎತ್ತಿ ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಈ ಎರಡೂ ಸಭೆಗಳು ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕೆಂಬುದು ಕಾನೂನು. ನಮ್ಮಲ್ಲಿ ಬೆಳೆಗಾರರು ಗ್ರಾಮ ಸಭೆಗೆ ಹೋಗುವುದು ಅಪರೂಪ. ಮನೆ ಪಟ್ಟಿಯ ಗಲಾಟೆ ಎಂದು ದೂರ ಉಳಿಯುತ್ತೇವೆ. ಆ ವರ್ಷ ಓಣಿಯಿಂದ ಹನ್ನೊಂದು ಜನ ಹೋದೆವು. ಅವರಲ್ಲಿ ಆರು ಜನ ಹೆಂಗಸರು, ಮತ್ತು ಹಿತ್ತಲ ತರಕಾರಿಯ ಮಾತನ್ನು ಸಭೆಗೆ ಮುಟ್ಟಿಸಿದವರು ಅವರೇ.

ಪಾಳುತೋಟದ ಪ್ರಶ್ನೆ

ಪಕ್ಕದ ನಾಲ್ಕು ಎಕರೆಯ ಮಾಲೀಕರು ಊರಿನಲ್ಲಿಲ್ಲ. ಕಳೆ ಎದೆಮಟ್ಟ ಬೆಳೆದಿದೆ. ಇಂಥಲ್ಲಿ ಮೊದಲ ಹೆಜ್ಜೆ ಕಾನೂನಲ್ಲ, ಫೋನು. ನಾವು ಫೋನು ಮಾಡಿದಾಗ ಅವರು ಅರ್ಧ ಕೇಳಿಯೇ "ಜಾಗ ಕೊಡೋದಿಲ್ಲ" ಎಂದರು. ಕೊಳ್ಳಲು ಬಂದ ಗಿರಾಕಿಗಳು ಎಂದು ತಿಳಿದರಂತೆ! ಎರಡನೇ ಸಲ ಹಿರಿಯರೇ ಮಾತಾಡಿ, ನಿಮ್ಮ ಬೇಲಿಯಂಚಿನ ಹತ್ತು ಅಡಿ ಪಟ್ಟಿಯ ಕಳೆಯನ್ನು ನಾವೇ ಹೊಡೆಸುತ್ತೇವೆ, ಅಪ್ಪಣೆ ಕೊಡಿ ಸಾಕು ಎಂದರು. ಅದಕ್ಕೆ ಒಪ್ಪಿದರು. ಹತ್ತು ಅಡಿಯ ಬೋಳುನೆಲ ಹುಳುವನ್ನು ಪೂರ್ತಿ ತಡೆಯುವುದಿಲ್ಲ. ಆದರೆ ದಾಟುವ ಹುಳು ಟಾರ್ಚಿಗೆ ಸಿಗುತ್ತದೆ.

ಒಪ್ಪದ ಮಾಲೀಕರಿದ್ದರೆ? ಜನವಸತಿಗೆ ತೊಂದರೆ ಕೊಡುವ ಹೊಲಸು, ಪೊದೆಗಳನ್ನು ತೆಗೆಯುವಂತೆ ಸೂಚಿಸುವ ಅಧಿಕಾರ ಪಂಚಾಯಿತಿಗಿದೆ; ಮನೆಗಳ ಹತ್ತಿರದ ನಿವೇಶನಗಳಿಗೆ ಅದು ಉಪಯೋಗಕ್ಕೆ ಬರುತ್ತದೆ. ತೋಟಗಳ ವಿಷಯಕ್ಕೆ ಕರ್ನಾಟಕ ಕೃಷಿ ಪೀಡೆಗಳು ಮತ್ತು ರೋಗಗಳ ಅಧಿನಿಯಮ, 1968 ಎಂಬುದೊಂದಿದೆ. ಸರ್ಕಾರ ಒಂದು ಪ್ರದೇಶದಲ್ಲಿ ಒಂದು ಪೀಡೆಯನ್ನು ಅಧಿಸೂಚನೆಯ ಮೂಲಕ ಘೋಷಿಸಿದರೆ, ಹೇಳಿದ ನಿವಾರಣಾ ಕ್ರಮಗಳನ್ನು ಪ್ರತಿ ಭೂಮಿಯ ಅನುಭವದಾರರೂ ಮಾಡಲೇಬೇಕು. ಮಾಡದಿದ್ದರೆ ಅಧಿಕಾರಿಯೇ ಮಾಡಿಸಿ ಖರ್ಚನ್ನು ವಸೂಲು ಮಾಡಬಹುದು. ಆದರೆ ಅಧಿಸೂಚನೆ ಇಲ್ಲದೆ ಈ ಕಾನೂನಿನ ಹೆಸರು ಹೇಳಿ ನೆರೆಯವರನ್ನು ಹೆದರಿಸುವುದರಲ್ಲಿ ಅರ್ಥವಿಲ್ಲ. ಅಧಿಸೂಚನೆ ಕೇಳುವುದು ಒಂದು ಓಣಿಯ ಕೆಲಸವೂ ಅಲ್ಲ. ಹತ್ತಾರು ಊರುಗಳ ಎಣಿಕೆಯ ಹಾಳೆ ಸೇರಿಸಿ, ಸಹಕಾರಿ ಸಂಘಗಳು ಒಟ್ಟಾಗಿ ಜಿಲ್ಲಾಧಿಕಾರಿಗಳ ಮೂಲಕ ಸರ್ಕಾರವನ್ನು ಕೇಳಬೇಕಾದ ವಿಷಯ ಅದು.

ಉತ್ತರ ಬಾರದಿದ್ದರೆ

ಎರಡು ವಾರ ಕಾದು ಮೊಹರು ಬಿದ್ದ ಪ್ರತಿಯನ್ನು ಹಿಡಿದು ಮತ್ತೆ ಹೋಗಿ. ಆಮೇಲೂ ಏನೂ ಆಗದಿದ್ದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಹಣಾಧಿಕಾರಿಗಳಿಗೆ ಅದೇ ಪ್ರತಿಯೊಡನೆ ಒಂದು ಪುಟದ ಪತ್ರ. ಮಾಹಿತಿ ಹಕ್ಕು ಅಧಿನಿಯಮ, 2005ರ ಅರ್ಜಿಯೂ ಒಂದು ಸಾಧನ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದೊಳಗೆ ಉತ್ತರ ಕೊಡಬೇಕು, ಕೊಡದಿದ್ದರೆ ಮೇಲ್ಮನವಿ. "ಯಾಕೆ ಮಾಡಲಿಲ್ಲ?" ಎಂದು ಕೇಳಬೇಡಿ, ಅದು ಮಾಹಿತಿಯಲ್ಲ. "ಇಂಥ ದಿನಾಂಕದ ನಮ್ಮ ಮನವಿಯ ಮೇಲೆ ಬರೆದ ಟಿಪ್ಪಣಿಗಳ ನಕಲು" ಎಂದು ಕೇಳಿ. ಟಿಪ್ಪಣಿಯೇ ಇಲ್ಲದಿದ್ದರೆ ಆ ಖಾಲಿ ಹಾಳೆಯೂ ಒಂದು ಉತ್ತರವೇ. ಆದರೆ ಇದನ್ನು ಮೊದಲ ದಿನವೇ ಹಿಡಿದುಕೊಂಡು ಹೋಗಬೇಡಿ. ನಾಳೆ ಇನ್ನೊಂದು ಕೆಲಸಕ್ಕೆ ಅದೇ ಮೇಜಿಗೆ ಹೋಗಬೇಕಾದವರು ನಾವು.

ನಮ್ಮಲ್ಲಿ ಆದದ್ದೇನು? ಚರಂಡಿ ತೆಗೆದರು, ಹೇಳಿದ ದಿನಕ್ಕೆ ಒಂಬತ್ತು ದಿನ ತಡವಾಗಿ. ಹೂಳು ಎರಡು ದಿನ ದಂಡೆಯಲ್ಲೇ ಬಿದ್ದಿತ್ತು, ಅದರಿಂದ ಎದ್ದು ಹೊರಟ ಹುಳುಗಳನ್ನು ನಾವು ಹದಿನಾಲ್ಕು ಜನ ರಾತ್ರಿ ಹನ್ನೊಂದರವರೆಗೆ ಹೆಕ್ಕಿದೆವು. ಕಸದ ಗುಡ್ಡೆ ಹೋಯಿತು. ದೀಪಾವಳಿಯ ಹೊತ್ತಿಗೆ ಸ್ವಲ್ಪ ಮತ್ತೆ ಬೆಳೆಯಿತು. ಶಾಲೆಯ ಆವರಣದ ಕೆಲಸ ಮೇಷ್ಟರ ಮುತುವರ್ಜಿಯಿಂದ ಎಲ್ಲಕ್ಕಿಂತ ಬೇಗ ಮುಗಿಯಿತು. ಅಂಗಡಿಯವರಿಗೆ ಪತ್ರ ಹೋಯಿತೋ ಇಲ್ಲವೋ ತಿಳಿಯದು. ಮೊದಲ ವರ್ಷ ಕೃತ್ತಿಕೆ ಮಳೆಯ ಒಂದು ರಾತ್ರಿಗೆ ಓಣಿಯಲ್ಲಿ ಎಂಟು ಬಕೆಟ್ ಹುಳು ಸಿಗುತ್ತಿತ್ತು. ಮರು ವರ್ಷ ಎರಡೂವರೆ. ಹುಳು ಹೋಗಿಲ್ಲ, ಆದರೆ ಹೊಸ ಸಸಿ ನಿಂತಿದೆ.

ಅಮೆರಿಕದ ಫ್ಲಾರಿಡಾದಲ್ಲಿ 1966ರಲ್ಲಿ ಹುಡುಗನೊಬ್ಬ ಹವಾಯಿಯಿಂದ ತಂದ ಮೂರು ಹುಳುಗಳನ್ನು ಅವನ ಅಜ್ಜಿ ತೋಟಕ್ಕೆ ಬಿಟ್ಟರಂತೆ. ಅವು ಸಾವಿರಗಟ್ಟಲೆಯಾಗಿ, ಸರ್ಕಾರ ಮನೆಮನೆ ಹುಡುಕಿ ಮುಗಿಸಿದ್ದು 1975ರಲ್ಲಿ. 2011ರಲ್ಲಿ ಮತ್ತೆ ಬಂತು. ಹೋಯಿತು ಎಂದು ಘೋಷಿಸಲು 2021 ಆಯಿತು. 2022ರಲ್ಲಿ ಇನ್ನೊಂದು ಕಡೆ ಕಾಣಿಸಿಕೊಂಡಿತು. ಹಣ, ಯಂತ್ರ, ತರಬೇತಾದ ನಾಯಿ ಎಲ್ಲ ಇದ್ದವರಿಗೇ ಹೀಗೆ. ಆದ್ದರಿಂದ ಹುಳು ಇನ್ನೂ ಬಾರದ ಓಣಿಯವರು ಹೊರಗಿನಿಂದ ಬರುವ ಲೋಡಿನ ಮೇಲೆ ಕಣ್ಣಿಡಿ. ಕೊಟ್ಟಿಗೆ ಗೊಬ್ಬರ, ಮರಳು, ಮರದ ದಿಮ್ಮಿ, ನರ್ಸರಿಯ ಪ್ಲಾಸ್ಟಿಕ್ ತೊಟ್ಟೆಯ ಸಸಿ, ಇವುಗಳ ಜೊತೆಯಲ್ಲೇ ಇದು ಊರೂರು ಸುತ್ತುವುದು. ಗೊಬ್ಬರವನ್ನು ತೋಟಕ್ಕೆ ಹೊರುವ ಮೊದಲು ಒಂದು ವಾರ ರಸ್ತೆಯಂಚಿನಲ್ಲಿ ಇಟ್ಟು, ನೀರು ಚಿಮುಕಿಸಿ, ಮೇಲೆ ನೆನೆದ ಗೋಣಿ ಹಾಕಿ ರಾತ್ರಿ ನೋಡಿ. ಸಸಿಯ ತೊಟ್ಟೆಯನ್ನು ಎತ್ತಿ ಅಡಿಭಾಗ ಪರೀಕ್ಷಿಸಿ. ಹಳದಿ ಮೊಟ್ಟೆ ಕಂಡರೆ ಆ ಸಸಿ ವಾಪಸ್ಸು.

ಬರುವ ಭರಣಿ ಮಳೆಯ ಮೊದಲ ಮೂರು ರಾತ್ರಿ ಎಲ್ಲ ಓಣಿಗಳಲ್ಲೂ ಒಂದೇ ಹೊತ್ತಿಗೆ ಎಣಿಕೆ ಮಾಡಬೇಕೆಂದು ಯೋಚನೆಯಿದೆ. ಚೌಕಟ್ಟಿಗೆ ನಾಲ್ಕು ಬಿದಿರ ಸೀಳು, ಒಂದು ಟಾರ್ಚು, ಒಂದು ನೋಟ್‌ಬುಕ್ ಸಾಕು. ಬರೆದ ಹಾಳೆಯಲ್ಲಿ ಊರು, ಜಾಗ, ತಾರೀಖು, ಹೊತ್ತು ಕಾಣಿಸಿ ಸಂಘದ ಕಚೇರಿಗೆ ತಲುಪಿಸಿ. ಹುಳು ಒಂದೂ ಸಿಗದಿದ್ದರೆ ಸೊನ್ನೆ ಎಂದೇ ಬರೆದು ಕೊಡಿ.